ನಿಂತ ಯೆಜ್ಡಿ ಮತ್ತೆ ಓಡಬೇಕಾದರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಮಾತ್ರ ಇನ್ನೂ ಕೆಲವರ ಮನೆಯ ಮೆಟ್ಟಿಲ ಕೆಳಗೆ ನಿಂತಿವೆ. ಗೋವಿಂದರಾಜನಗರದ ನಮ್ಮ ಮನೆಯಲ್ಲಿ ತಂದೆಯವರ ಯೆಜ್ಡಿಯೂ ಹಾಗೆಯೇ ನಿಂತಿತ್ತು.

ಅದನ್ನು ಚಾಲೂ ಮಾಡುವುದು ಕಷ್ಟವಾಗಲಿಲ್ಲ. ಟ್ಯಾಂಕಿನ ತುಕ್ಕು ತೊಳೆದು, ಕಾರ್ಬ್ಯುರೇಟರ್ ಶುಚಿಗೊಳಿಸಿ, ಪಾಯಿಂಟ್ ಉಜ್ಜಿ, ಹೊಸ ಪ್ಲಗ್ ಹಾಕಿದಾಗ ನಾಲ್ಕೈದು ಕಿಕ್ಕಿಗೆ ಹೊಗೆ ಬಂತು. ಮನೆಮಂದಿಗೆಲ್ಲ ಸಂಭ್ರಮ! ಆದರೆ ಮೂರನೇ ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಮಾಗಡಿ ರಸ್ತೆಯಲ್ಲಿ ಇಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಹಠಾತ್ತನೆ ನಿಂತಿತು. ತಕ್ಷಣ ಕ್ಲಚ್ ಹಿಡಿದದ್ದರಿಂದ ಬಿದ್ದಿಲ್ಲ, ದೇವರ ದಯೆ.

ತಪ್ಪು ಆಯಿಲ್ ಸೀಲಿನದು. ಟು-ಸ್ಟ್ರೋಕ್ ಇಂಜಿನಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಸೀಲ್ ಗಟ್ಟಿಯಾಗಿ ಬಿರಿದರೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಪೆಟ್ರೋಲಿನ ಅಂಶ ಕಡಿಮೆಯಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಅರಚುತ್ತಿದ್ದರೆ ಇದನ್ನೇ ಶಂಕಿಸಬೇಕು. ನಮ್ಮ ಗಾಡಿಯೂ ಹಾಗೆ ಅರಚುತ್ತಿತ್ತು, ನಾವು ಅದನ್ನು ಹುರುಪೆಂದುಕೊಂಡಿದ್ದೆವು! ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಸುಟ್ಟು ದಟ್ಟ ಬಿಳಿ ಹೊಗೆ ಬರುತ್ತದೆ.

ಆದ್ದರಿಂದ ಬಣ್ಣ, ಕ್ರೋಮಿಗೆ ಖರ್ಚು ಮಾಡುವ ಮೊದಲು ಇಂಜಿನ್ ಬಿಚ್ಚಿಸಿ ಸೀಲುಗಳನ್ನು ಬದಲಿಸಿ. ಲೀಟರ್ ಪೆಟ್ರೋಲಿಗೆ ಸುಮಾರು 40 ಮಿ.ಲೀ. ಟು-ಸ್ಟ್ರೋಕ್ ಆಯಿಲ್ ಬೆರೆಸಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ, ಗಾಡಿ ಓಡಿಸದಿದ್ದಾಗ ಟ್ಯಾಂಕ್ ಖಾಲಿ ಮಾಡಿಡಿ.