ಊರ ಹೆಸರಿನ ಲೇಖಕರು

‘ಗರತಿಯ ಹಾಡು’ ಅಚ್ಚಾದದ್ದು 1931ರಲ್ಲಿ. ಕನ್ನಡ ಎಂ.ಎ. ಓದಿದವರಿಗೆಲ್ಲ ಈ ಹೆಸರು ಗೊತ್ತು, ಓದದವರಿಗೂ ಅದರೊಳಗಿನ ಒಂದೆರಡು ಹಾಡು ಗೊತ್ತಿರುತ್ತದೆ. ಆದರೆ ಸಂಪಾದಕರು ಯಾರು ಎಂದು ಪುಸ್ತಕಪಟ್ಟಿಯಲ್ಲಿ ಹುಡುಕಿದರೆ ಸಿಗುವುದು ‘ಹಲಸಂಗಿ ಗೆಳೆಯರು’. ಲೇಖಕರ ಹೆಸರಿರಬೇಕಾದ ಜಾಗದಲ್ಲಿ ಒಂದು ಊರು, ಒಂದು ಸ್ನೇಹ. ಕನ್ನಡದಲ್ಲಿ ಸಾಹಿತಿಗಳ ಗುಂಪುಗಳು ಬೇಕಾದಷ್ಟು ಆಗಿಹೋಗಿವೆ. ಆದರೆ ಗುಂಪೇ ಲೇಖಕನಾಗಿ ನಿಂತು, ಆ ಹೆಸರಿನಲ್ಲೇ ಮೂರು ತಲೆಮಾರು ನೆನಪಿನಲ್ಲಿ ಉಳಿದದ್ದು ಬಹಳ ಕಡಿಮೆ.

ಹಲಸಂಗಿ ಇರುವುದು ವಿಜಯಪುರ ಜಿಲ್ಲೆಯ ಉತ್ತರದ ಅಂಚಿಗೆ, ಭೀಮಾ ನದಿಯ ಸೀಮೆಯಲ್ಲಿ. ಈಗ ಚಡಚಣ ತಾಲ್ಲೂಕು, ಆಗ ಇಂಡಿ. ನದಿ ದಾಟಿದರೆ ಮರಾಠಿ, ಸಂತೆ-ಪೇಟೆಗೆ ಸೊಲ್ಲಾಪುರ, ಆಡಳಿತಕ್ಕೆ ಮುಂಬಯಿ ಪ್ರಾಂತ. ಬಿಳಿಜೋಳ, ಬರ, ಬಿಸಿಲು ಬಿಟ್ಟರೆ ಹೊರಗಿನವರಿಗೆ ಈ ಸೀಮೆಯ ಬಗ್ಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಕಾಲೇಜು ಇಲ್ಲ, ಅಚ್ಚುಕೂಟ ಇಲ್ಲ. ಮುಲ್ಕಿ ಪರೀಕ್ಷೆ ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು; ಓದುವ ಹುಡುಗರ ಕನಸು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತಿತ್ತು.

ಅಂಥ ಊರಿನಲ್ಲಿ 1920ರ ದಶಕದಲ್ಲಿ ನಾಲ್ಕು ಜನ ಹುಡುಗರು ಕೂಡಿದರು. ಒಬ್ಬ ಚೆನ್ನಮಲ್ಲಪ್ಪ ಗಲಗಲಿ, ಮುಂದೆ ‘ಮಧುರಚೆನ್ನ’ ಎಂದು ಹೆಸರಾದ ಕವಿ. ಹುಟ್ಟಿದ್ದು 1903ರ ಜುಲೈ 31ರಂದು, ಹತ್ತಿರದ ಹಿರೇಲೋಣಿಯಲ್ಲಿ. ಇನ್ನೊಬ್ಬ ಚಡಚಣದ ಸಿಂಪಿ ಲಿಂಗಣ್ಣ. ಮಧುರಚೆನ್ನರಿಗಿಂತ ಎರಡು ವರ್ಷ ಕಿರಿಯ, ಪ್ರಾಥಮಿಕ ಶಾಲೆಯ ಮಾಸ್ತರ. ಮೂರನೆಯವ ಕಾಪಸೆ ರೇವಪ್ಪ. ನಾಲ್ಕನೆಯವ ಪಿ. ಧೂಲಾಸಾಹೇಬ. ಇವರ ಸುತ್ತ ಇನ್ನೂ ಹಲವರಿದ್ದರು. ಆದರೆ ಪುಸ್ತಕಗಳ ಹಿಂದಿನ ದುಡಿಮೆ ಮುಖ್ಯವಾಗಿ ಈ ನಾಲ್ವರದು.

ಇವರು ಮಾಡಿದ್ದೇನು? ಹೇಳಿದರೆ ಸಣ್ಣದೆನಿಸುತ್ತದೆ: ತಮ್ಮ ಮನೆಯ ಹೆಂಗಸರು ಹಾಡುತ್ತಿದ್ದುದನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು.

ಸಣ್ಣದಲ್ಲ ಎಂದು ತಿಳಿಯಬೇಕಾದರೆ ಬೀಸುಕಲ್ಲಿನ ಹತ್ತಿರ ಹೋಗಬೇಕು. ಹಿಟ್ಟಿನ ಗಿರಣಿ ಬರುವ ಮೊದಲು ಈ ಸೀಮೆಯ ಪ್ರತಿ ಮನೆಯಲ್ಲೂ ಕೋಳಿ ಕೂಗುವ ಮೊದಲೇ ಕಲ್ಲು ತಿರುಗುತ್ತಿತ್ತು. ದೊಡ್ಡ ಮನೆಯಾದರೆ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಾರೆ. ಅತ್ತೆ-ಸೊಸೆ, ನೆಗೆಣ್ಣಿಯರು, ಇಲ್ಲವೆ ಪಕ್ಕದ ಮನೆಯಾಕೆ. ಒಂದು ಕೈ ಗೂಟದ ಮೇಲೆ, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ಹಿಡಿ ಜೋಳ. ಒಬ್ಬಾಕೆ ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಾಕೆ ಹಿಡಿಯುತ್ತಾಳೆ. ಮೊದಲು ದೇವರು, ಆಮೇಲೆ ಕಲ್ಲಿಗೆ ಹರಕೆ, ಆಮೇಲೆ ತವರು, ಅಣ್ಣ, ಹಡೆದವ್ವ, ತೊಟ್ಟಿಲ ಕೂಸು. ಮಕ್ಕಳಾಗದವಳ ಸಂಕಟ, ಸವತಿಯ ಕಾಟ, ಗಂಡನ ಮುನಿಸು. ಎದುರು ಕೂತವಳು ಅತ್ತೆಯೇ ಆಗಿದ್ದರೆ ಅತ್ತೆಯ ಮೇಲಿನ ದೂರು ತವರಿನ ಹೊಗಳಿಕೆಯ ವೇಷ ಹಾಕಿಕೊಂಡು ಬರುತ್ತದೆ. ಅತ್ತೆಗೂ ಅದು ತಿಳಿಯುತ್ತದೆ. ಹಾಡಾದ್ದರಿಂದ ಜಗಳಕ್ಕೆ ಬರುವಂತಿಲ್ಲ! ಆಕೆಯೂ ಹಾಡಿನಲ್ಲೇ ಉತ್ತರ ಕೊಡಬೇಕು.

ಇದೆಲ್ಲ ನಡೆಯುವುದು ತ್ರಿಪದಿಯಲ್ಲಿ. ಛಂದಸ್ಸಿನ ಲೆಕ್ಕ ಹೇಳುವುದಾದರೆ ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರು, ಒಟ್ಟು 11. ಅದರಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಗೂಟ ಹಿಡಿದವಳಿಗೆ ಈ ಲೆಕ್ಕ ಬೇಕಿಲ್ಲ, ಕಲ್ಲಿನ ಸುತ್ತೇ ತಪ್ಪನ್ನು ತೋರಿಸಿಕೊಡುತ್ತದೆ. ಹಾಡುವಾಗ ಎರಡನೆಯ ಸಾಲಿನ ಒಂದು ತುಂಡು ಮತ್ತೆ ಹೊರಳಿ ಬರುವುದರಿಂದ ಮೂರು ಸಾಲು ಕಿವಿಗೆ ನಾಲ್ಕಾಗಿ ಕೇಳುತ್ತದೆ. ಆ ಹೊರಳಿಕೆಯ ಬಿಡುವಿನಲ್ಲಿಯೇ ಮುಂದಿನ ಸಾಲು ಹುಟ್ಟುವುದು. ಇದೇ ತ್ರಿಪದಿ ಪಕ್ಕದ ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೇ ಕಪ್ಪೆ ಅರಭಟ್ಟನ ಶಾಸನದಲ್ಲಿ ಕೆತ್ತಿಸಿಕೊಂಡು ಕೂತಿದೆ. ಅಲ್ಲಿ ಅದು ವೀರನ ಹೊಗಳಿಕೆಗೆ ಬಳಕೆಯಾಯಿತು, ಇಲ್ಲಿ ಹೆಣ್ಣುಮಕ್ಕಳ ಹೊಟ್ಟೆಯೊಳಗಿನ ಮಾತಿಗೆ.

ನನ್ನ ಮಟ್ಟಿಗೆ ಹಲಸಂಗಿಯ ನಿಜವಾದ ಸಾಹಿತ್ಯ ಬಳಗ ಇದು, ಗೂಟದ ಎರಡು ಬದಿಗೆ ಕೂತವರದು. ಬರೆದವಳು ಬೇರೆ, ಓದುವವಳು ಬೇರೆ ಎಂಬುದು ಅಲ್ಲಿಲ್ಲ. ಒಬ್ಬಳ ಸಾಲನ್ನು ಇನ್ನೊಬ್ಬಳು ತಿದ್ದಿ ಹಾಡಿದರೆ ಅದೇ ವಿಮರ್ಶೆ. ಗಂಡನ ಮನೆಗೆ ಹೋದವಳು ಹಾಡನ್ನೂ ಒಯ್ಯುತ್ತಾಳಲ್ಲ, ಅದೇ ಪ್ರಕಟಣೆ. ಗೆಳೆಯರ ದೊಡ್ಡತನವೆಂದರೆ, ಆ ಬಳಗದ ಎದುರು ತಾವು ಕೇಳುಗರಷ್ಟೇ ಎಂದು ಒಪ್ಪಿಕೊಂಡದ್ದು.

ಈ ಗೆಳೆಯರಿಗೂ ಮೊದಲು ಈ ಭಾಗದ ಹಾಡುಗಳನ್ನು ಕಾಗದಕ್ಕಿಳಿಸಿದವರು ಇರಲಿಲ್ಲವೆಂದಲ್ಲ. ಶಾಸನತಜ್ಞ ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ 1880ರ ದಶಕದಲ್ಲೇ ಸಂಗೊಳ್ಳಿ ರಾಯಣ್ಣನ ಮೇಲಿನ ಲಾವಣಿ, ಹಲಗಲಿ ಬೇಡರ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಅದು ದೊಡ್ಡ ಉಪಕಾರವೇ. ಆದರೆ ಅವನಿಗೆ ಸಿಕ್ಕಿದ್ದು ಗಂಡಸರು ಬಯಲಲ್ಲಿ ಡಪ್ಪು ಬಾರಿಸಿ ಹಾಡುತ್ತಿದ್ದ ಹಾಡು. ನಸುಕಿನಲ್ಲಿ ಮನೆಯೊಳಗೆ ತಿರುಗುವ ಕಲ್ಲಿನ ಹತ್ತಿರ ಸಾಹೇಬನಿಗೆ ಯಾರು ಜಾಗ ಕೊಟ್ಟಾರು? ಅಲ್ಲಿ ಕೂತು ಕೇಳಲು ಮನೆಯ ಮಗನೇ ಆಗಿರಬೇಕು. ಮಗನಿಗೂ ಸಲೀಸಲ್ಲ. ಕಲ್ಲು ನಿಂತರೆ ಹಾಡೂ ನಿಲ್ಲುತ್ತದೆ, ಬರೆದುಕೊಳ್ಳಲು ನಿಧಾನವಾಗಿ ಹೇಳು ಎಂದರೆ ಅವ್ವನಿಗೆ ನೆನಪಾಗುವುದಿಲ್ಲ. ಹಾಡು ಸಂಗ್ರಹಿಸಲು ಹೋದ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ.

ಗೆಳೆಯರು ಹಾಡು ಬರೆದುಕೊಳ್ಳುತ್ತಿದ್ದ ಹೊತ್ತಿಗೇ ಇದಕ್ಕೆ ಜೋಡಿಯಾದ ಇನ್ನೊಂದು ಕೆಲಸ ಅದೇ ಜಿಲ್ಲೆಯಲ್ಲಿ ನಡೆಯುತ್ತಿತ್ತು: ವಚನಗಳನ್ನು ಹುಡುಕಿ ಅಚ್ಚು ಹಾಕುವುದು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕೂಡಿಸಿದ ಬಳಗವೂ ಒಂದು ರೀತಿಯಲ್ಲಿ ಬರೆಯುವವರ ಬಳಗವೇ ಆಗಿತ್ತು. ದೋಣಿ ನಡೆಸುವ ಚೌಡಯ್ಯ, ಕಟ್ಟಿಗೆ ಮಾರುವ ಮಾರಯ್ಯ, ಅಕ್ಕಿ ಆಯುವ ಲಕ್ಕಮ್ಮ, ನೂಲುವ ರೆಮ್ಮವ್ವೆ, ಎಲ್ಲರಿಗೂ ಅವರವರ ಅಂಕಿತ, ಅವರವರ ಮಾತು. ಆ ವಚನಗಳು ಓಲೆಗರಿಯಲ್ಲಿ ಮಠ-ಮನೆಗಳ ಅಟ್ಟ ಸೇರಿದ್ದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ 1923ರಲ್ಲಿ ‘ವಚನ ಶಾಸ್ತ್ರಸಾರ’ ಹೊರತಂದರು, ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಹಳಕಟ್ಟಿಯವರು ಉಳಿಸಿದ್ದು ಓಲೆಯಲ್ಲಿದ್ದದ್ದನ್ನು, ಹಲಸಂಗಿಯವರು ಉಳಿಸಿದ್ದು ಬಾಯಲ್ಲಿದ್ದದ್ದನ್ನು. ಎರಡಕ್ಕೂ ಒಂದೇ ದಶಕ, ಒಂದೇ ಜಿಲ್ಲೆ. ನಮ್ಮ ಸಾಹಿತ್ಯ ಚರಿತ್ರೆಗಳು ಒಂದನ್ನು ವಚನದ ಅಧ್ಯಾಯದಲ್ಲಿ, ಇನ್ನೊಂದನ್ನು ಜಾನಪದದ ಅಧ್ಯಾಯದಲ್ಲಿ ಇಟ್ಟುಬಿಟ್ಟಿರುವುದರಿಂದ ಈ ನೆರೆಹೊರೆತನ ಕಣ್ಣಿಗೆ ಬೀಳುವುದಿಲ್ಲ.

ಗೆಳೆಯರಿಗೆ ಹೊರಗಿನ ಆಸರೆ ಬಂದದ್ದು ಧಾರವಾಡದಿಂದ. ಅಲ್ಲಿ 1922ರ ಸುಮಾರಿಗೆ ಕವಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕಟ್ಟಿಕೊಂಡಿತ್ತು. ಶಂ.ಬಾ. ಜೋಶಿ, ಆನಂದಕಂದ, ಗೋಕಾಕ, ಮುಗಳಿ, ಎನ್ಕೆ ಎಲ್ಲ ಅದರ ಒಡನಾಟದಲ್ಲಿ ಬೆಳೆದವರು. ಎರಡು ಗುಂಪುಗಳ ನಡುವೆ ನಂಟು ಬೆಳೆಯಿತು. ಬೇಂದ್ರೆ-ಮಧುರಚೆನ್ನರ ನಡುವಿನದು ಒಡಹುಟ್ಟಿದವರಂಥ ಸಲಿಗೆ. ಬೇಂದ್ರೆ ಹಲಸಂಗಿಯವರಿಗೆ ದಾರಿ ತೋರಿಸಿದರು ಎಂದು ಬರೆಯುವುದು ರೂಢಿ. ಅದು ಅರ್ಧ ಮಾತು. ಬೇಂದ್ರೆಯವರ ಕಾವ್ಯದೊಳಗಿನ ಹೆಣ್ಣುದನಿ, ಆಡುಮಾತಿನ ಲಯ ಇವಕ್ಕೆ ಹಲಸಂಗಿಯಂಥ ಊರುಗಳಿಂದ ಹೋದ ಸರಕೂ ಕಾರಣ. ಕೊಡುವುದೂ ಪಡೆಯುವುದೂ ಎರಡೂ ಕಡೆ ನಡೆಯಿತು.

‘ಗರತಿಯ ಹಾಡು’ ಬಂದ ಎರಡು ವರ್ಷಕ್ಕೆ, 1933ರಲ್ಲಿ, ಧೂಲಾಸಾಹೇಬರ ದುಡಿಮೆಯಿಂದ ‘ಜೀವನ ಸಂಗೀತ’ ಬಂತು. ಇದು ಲಾವಣಿಗಳ ಸಂಗ್ರಹ. ಹಲಸಂಗಿ ಮೊದಲಿನಿಂದಲೂ ಲಾವಣಿಯ ಊರು; ಹೆಸರಾಂತ ಲಾವಣಿಕಾರ ಖಾಜಾಭಾಯಿ ಇಲ್ಲಿಯವರೇ. ರಾತ್ರಿಯಿಡೀ ಹರದೇಶಿ-ನಾಗೇಶಿ ಎಂದು ಎರಡು ಮೇಳ ಕಟ್ಟಿಕೊಂಡು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ವಾದಕ್ಕಿಳಿಯುವ ಹಾಡಿಕೆ ಈ ಸೀಮೆಯಲ್ಲಿ ಇಂದಿಗೂ ಜಾತ್ರೆಗೆ ಜನ ಸೇರಿಸುತ್ತದೆ. ಡಪ್ಪು, ತುಂತುಣಿ, ತಾಳ ಇಷ್ಟಿದ್ದರೆ ಸಾಕು. ಸವಾಲಿಗೆ ಸ್ಥಳದಲ್ಲೇ ಜವಾಬು ಕಟ್ಟಬೇಕು. ಬೀಸುಕಲ್ಲಿನ ಬಳಗ ಒಬ್ಬರಿಗೊಬ್ಬರು ಆಸರೆಯಾಗಿ ಹಾಡಿದರೆ, ಲಾವಣಿಯ ಮೇಳ ಒಬ್ಬರನ್ನೊಬ್ಬರು ಕೆಣಕಿ ಹಾಡುತ್ತದೆ. ಇದಾದ ಮೇಲೆ 1935ರಲ್ಲಿ ರೇವಪ್ಪನವರ ‘ಮಲ್ಲಿಗೆ ದಂಡೆ’, ಮತ್ತೆ ಜನಪದ ಗೀತೆಗಳದು. ನಾಲ್ಕೈದು ವರ್ಷದೊಳಗೆ ಮೂರು ಪುಸ್ತಕ, ಅದೂ ಅಚ್ಚುಕೂಟವಿಲ್ಲದ ಹಳ್ಳಿಯಿಂದ.

ಹಾಡು ಕೂಡಿಸಿದ್ದಷ್ಟೇ ಆಗಿದ್ದರೆ ಇವರನ್ನು ಸಂಗ್ರಾಹಕರು ಎಂದು ಕರೆದು ಮುಂದೆ ಹೋಗಬಹುದಿತ್ತು. ಸ್ನೇಹದ ನಿಜವಾದ ಭಾರ ಬಿದ್ದದ್ದು ಮಧುರಚೆನ್ನರ ಬದುಕಿನಲ್ಲಿ. ಮುಲ್ಕಿ ಓದಿದ ಈ ಹುಡುಗ ತಾನೇ ಕೂತು ಇಂಗ್ಲಿಷ್ ಕಲಿತ, ಹಳಗನ್ನಡ ಓದಿದ. ಆಮೇಲೆ ದೇವರಿದ್ದಾನೆಯೇ ಎಂಬ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಒದ್ದಾಡಿದ. ಆ ಒದ್ದಾಟವನ್ನೇ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮಕಥನಗಳಲ್ಲಿ ಬರೆದ. ಕನ್ನಡದಲ್ಲಿ ಒಳಗಿನ ಕತ್ತಲೆಯನ್ನು ಇಷ್ಟು ಬಿಚ್ಚಿ ಬರೆದ ಗದ್ಯ ಆಗ ಇರಲಿಲ್ಲ, ಈಗಲೂ ಕಡಿಮೆ. ಕೊನೆಗೆ ಅರವಿಂದರಲ್ಲಿ ಅವರಿಗೆ ನೆಲೆ ಸಿಕ್ಕಿತು, ಗೆಳೆಯರೂ ಆ ಕಡೆ ಹೊರಳಿದರು, ಬೇಂದ್ರೆಯವರೂ ಸಹ. ಮಧುರಚೆನ್ನರ ಕಾವ್ಯ ‘ನನ್ನ ನಲ್ಲ’ದಲ್ಲಿ ದೇವರು ನಲ್ಲನಾಗಿ ಬರುತ್ತಾನೆ, ಹಾಡುವ ದನಿ ಹೆಣ್ಣಿನದು. ಅಕ್ಕಮಹಾದೇವಿಯ ವಚನಗಳ ಹಾದಿ ಇಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ಬೀಸುಕಲ್ಲಿನ ಹಾದಿಯೂ ಇದೆ ಎನ್ನುವುದು ನನ್ನ ಅನಿಸಿಕೆ. ಹೆಂಗಸರ ಹಾಡನ್ನು ಅಷ್ಟು ದಿನ ಕೇಳಿದ ಕಿವಿ ಸುಮ್ಮನಿದ್ದೀತೆ?

ಮಧುರಚೆನ್ನ 1953ರ ಆಗಸ್ಟ್ 15ರಂದು ತೀರಿಕೊಂಡರು. ಐವತ್ತು ತುಂಬಿ ಹದಿನೈದು ದಿನವಾಗಿತ್ತು. ಅದು ಅರವಿಂದರು ಹುಟ್ಟಿದ ದಿನವೂ ಹೌದು. ಆಮೇಲಿನ ನಾಲ್ಕು ದಶಕ ಬಳಗದ ಹೊರೆ ಸಿಂಪಿ ಲಿಂಗಣ್ಣನವರ ಹೆಗಲಿಗೆ. ಜನಪದ ಕಥೆ, ಗಾದೆ, ಪ್ರಬಂಧ ಎಂದು ಅವರು ಬರೆಯುತ್ತಲೇ ಹೋದರು. 1993ರ ಕೊಪ್ಪಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಎಂಬತ್ತೆಂಟರ ಆಸುಪಾಸು. ಅದೇ ವರ್ಷ ಅವರೂ ಹೋದರು. ಕನ್ನಡ ಶಾಲೆಯ ಮಾಸ್ತರೊಬ್ಬರು ಆ ಪೀಠದಲ್ಲಿ ಕೂತದ್ದು ನಮ್ಮ ಕಡೆಯವರಿಗೆ ಇನ್ನೂ ಹೆಮ್ಮೆಯ ಮಾತು. ಮಧುರಚೆನ್ನರ ಮೇಲೆ ಪಿಎಚ್.ಡಿ. ಮಾಡಿ ಅವರನ್ನು ಹೊಸ ಓದುಗರಿಗೆ ಮುಟ್ಟಿಸಿದ ಗುರುಲಿಂಗ ಕಾಪಸೆಯವರು ಲೋಣಿಯವರು, ತೀರಿಕೊಂಡದ್ದು 2024ರಲ್ಲಿ. ವಿಜಯಪುರದಲ್ಲಿ ಸರ್ಕಾರದ ‘ಹಲಸಂಗಿ ಗೆಳೆಯರ ಪ್ರತಿಷ್ಠಾನ’ ಇದೆ. ಪ್ರತಿಷ್ಠಾನಕ್ಕೂ ವ್ಯಕ್ತಿಯೊಬ್ಬರ ಹೆಸರಿಡದೆ ಗೆಳೆಯರ ಹೆಸರನ್ನೇ ಇಟ್ಟದ್ದು ಒಳ್ಳೆಯದಾಯಿತು.

ತಕರಾರೂ ಇದೆ. ಸಂಗ್ರಹಿಸಿದವರ ಹೆಸರು ಸಾಹಿತ್ಯ ಚರಿತ್ರೆ ಸೇರಿತು, ಹಾಡಿದವರದು ಸೇರಲಿಲ್ಲ. ಪುಸ್ತಕಕ್ಕೆ ಬಂದ ಗರತಿ ಬಹಳ ಮಟ್ಟಿಗೆ ತಾಳಿಕೊಳ್ಳುವ ಗರತಿ. ಕಲ್ಲಿನ ಮುಂದೆ ಇದಕ್ಕಿಂತ ಖಾರವಾದದ್ದೂ, ಪೋಲಿಯಾದದ್ದೂ ಹಾಡಾಗುತ್ತಿತ್ತೆಂದು ಹಳ್ಳಿಯ ಮುದುಕಿಯರ ಬಾಯಿ ಬಲ್ಲವರಿಗೆ ಗೊತ್ತು. ಮಗನ ಮುಂದೆ ಅವ್ವ ಅದನ್ನು ಹಾಡಿರಲಿಕ್ಕಿಲ್ಲ. ಹಾಡಿದ್ದರೂ 1931ರಲ್ಲಿ ಅಚ್ಚು ಹಾಕುವ ಧೈರ್ಯ ಯಾರಿಗಿದ್ದೀತು! ಗೆಳೆಯರೊಳಗೂ ಎಲ್ಲರಿಗೂ ಸಮಪಾಲು ಸಿಗಲಿಲ್ಲ. ಮಧುರಚೆನ್ನ, ಸಿಂಪಿಯವರ ಮೇಲೆ ಬರೆದಷ್ಟು ಧೂಲಾಸಾಹೇಬ, ರೇವಪ್ಪನವರ ಮೇಲೆ ಯಾರೂ ಬರೆದಿಲ್ಲ.

ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಆದರೂ ಹಾಡು ಮದುವೆಯ ಅರಿಶಿನಕ್ಕೆ, ಕುಬಸಕ್ಕೆ, ತೊಟ್ಟಿಲಿಗೆ, ಪಂಚಮಿಯ ಜೋಕಾಲಿಗೆ ಉಳಿದುಕೊಂಡಿದೆ. ಓದಲು ಹೊರಟವರು ಮೊದಲು ‘ಗರತಿಯ ಹಾಡು’ ತೆಗೆದುಕೊಳ್ಳಲಿ, ಒಂದೇ ಕೂತಿಗೆ ಮುಗಿಸಲು ಹೋಗದಿರಲಿ. ದಿನಕ್ಕೆ ಹತ್ತು ತ್ರಿಪದಿ ಸಾಕು, ಅದೂ ಗಟ್ಟಿಯಾಗಿ, ಎರಡನೆಯ ಸಾಲನ್ನು ಹೊರಳಿಸಿ. ಮನೆಯಲ್ಲಿ ಇಂಡಿ-ಸಿಂದಗಿ ಕಡೆಯ ಅಜ್ಜಿ ಇದ್ದರೆ ಅವರ ಮುಂದೆ ಓದಿ. ಪುಸ್ತಕದಲ್ಲಿರುವ ಪಾಠವನ್ನು ಅವರು ತಿದ್ದುವ ಸಂಭವ ಉಂಟು, ಪೆನ್ನು ಹತ್ತಿರ ಇಟ್ಟುಕೊಂಡಿರಿ.