ಪರದೇಶಕ್ಕೆ ಹೊರಟ ಶಿಕ್ಷಕರ ಗಂಟು-ಪೆಟ್ಟಿಗೆ

ಶಿಕ್ಷಕವೃತ್ತಿಯೆಂದರೆ ಒಂದೇ ಊರಿನಲ್ಲಿ ಬೇರೂರಿ ನಿಲ್ಲುವ ವೃತ್ತಿಯೆಂದು ಅನೇಕರು ಭಾವಿಸುತ್ತಾರೆ. ಆದರೆ ವಿದ್ಯೆಯಂತೆ ವಿದ್ಯೆಯನ್ನು ಕಲಿಸುವವರೂ ಊರಿಂದೂರಿಗೆ ನಡೆದುಬಂದವರೇ. ಧಾರವಾಡದ ವರಕವಿ ದ. ರಾ. ಬೇಂದ್ರೆಯವರು 1944ರಿಂದ 1956ರ ವರೆಗೆ ನಮ್ಮ ಸೊಲ್ಲಾಪುರದ ಡಿ. ಎ. ವ್ಹಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ಎ. ಕೆ. ರಾಮಾನುಜನ್ ಅವರು ಮುಂದೆ ಅಮೇರಿಕೆಯ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕಲಿಸಿದರು. 1950 ಮತ್ತು 1960ರ ದಶಕಗಳಲ್ಲಿ ಭಾರತದ ಬಹುಸಂಖ್ಯ ಶಿಕ್ಷಕರು ಇಥಿಯೋಪಿಯ ದೇಶದ ಶಾಲೆಗಳಿಗೆ ಹೋದರು. ಭೂತಾನ, ಮಾಲ್ಡೀವ್ಸ್ ಹಾಗೂ ಅರಬ ದೇಶಗಳ ಶಾಲೆಗಳಲ್ಲಿ ಇಂದಿಗೂ ನಮ್ಮ ದೇಶದ ಶಿಕ್ಷಕರಿದ್ದಾರೆ. ನಮ್ಮ ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೂ ನಾಳೆ ಇಂಥ ಕರೆ ಬರಬಹುದು. ಹೀಗೆ ಹೊರಡುವವರಿಗೆ ಬಹುತೇಕ ಕೆಲಸ ಕೊಟ್ಟ ಸಂಸ್ಥೆಯೇ ಬಿಡಾರವನ್ನೂ ಕೊಡುವದುಂಟು. ಆಗ ಜೊತೆಗೆ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಪೆಟ್ಟಿಗೆ ತುಂಬುವ ಮೊದಲು ಬಿಡಾರ ಎಂಥದೆಂಬುದನ್ನು ತಿಳಿಯಬೇಕು. "ವಸತಿ ಕೊಡಲಾಗುವದು" ಎಂಬ ಒಂದು ಮಾತಿನಲ್ಲಿ ಹತ್ತು ಅರ್ಥಗಳು ಅಡಗಿರುತ್ತವೆ. ಇಡೀ ಮನೆಯೋ, ಒಂದು ಕೋಣೆಯೋ, ಇನ್ನೊಬ್ಬರೊಡನೆ ಹಂಚಿಕೊಳ್ಳುವ ಕೋಣೆಯೋ? ಮಂಚ, ಹಾಸಿಗೆ, ಒಲೆ, ಶೀತಪೆಟ್ಟಿಗೆಗಳು ಇವೆಯೋ? ನೀರು ಮತ್ತು ವಿದ್ಯುತ್ತಿನ ಬಿಲ್ಲನ್ನು ಯಾರು ತುಂಬಬೇಕು? ಬಾಡಿಗೆಯನ್ನು ಸಂಬಳದಲ್ಲಿ ಮುರಿದುಕೊಳ್ಳುವರೋ? ಹೆಂಡತಿ-ಮಕ್ಕಳನ್ನು ಅಥವಾ ಗಂಡನನ್ನು ಕರೆತರಲು ಅನುಮತಿಯುಂಟೋ? ಇವುಗಳ ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಬಾಯಿಮಾತಿನ ಮಂಚದ ಮೇಲೆ ಮಲಗಲು ಬರುವದಿಲ್ಲ.

ಮೊದಲು ಕಾಗದಪತ್ರಗಳು. ಪಾಸ್‌ಪೋರ್ಟು, ವೀಸಾ, ನೇಮಕಪತ್ರ, ಕರಾರು, ಪದವಿ ಹಾಗೂ ಬಿ.ಎಡ್. ಪ್ರಮಾಣಪತ್ರಗಳು, ಅನುಭವಪತ್ರ, ಭಾವಚಿತ್ರಗಳು, ಇವೆಲ್ಲ ಕೈಚೀಲದಲ್ಲಿಯೇ ಇರಬೇಕು. ಅವುಗಳ ಪ್ರತಿಗಳ ಒಂದು ಕಟ್ಟು ಮನೆಯವರ ಬಳಿ ಉಳಿಯಬೇಕು. ಅನೇಕ ದೇಶಗಳಲ್ಲಿ ಪ್ರಮಾಣಪತ್ರಗಳ ಮೇಲೆ ನಮ್ಮ ವಿದೇಶಾಂಗ ಮಂತ್ರಾಲಯದ ಮುದ್ರೆಯಿಲ್ಲದೆ ಕೆಲಸ ನಡೆಯುವದಿಲ್ಲ. ಕೆಲವು ದೇಶಗಳಿಗೆ ಆ ಮೇಲೆ ಅವರ ದೂತಾವಾಸದ ಮುದ್ರೆಯೂ ಬೇಕು. ಇದಕ್ಕೆ ವಾರಗಟ್ಟಲೆ ಸಮಯ ಹಿಡಿಯುವದುಂಟು.

ಇಲ್ಲಿ ನಮ್ಮ ಭಾಗದವರು ವಿಶೇಷವಾಗಿ ಎಚ್ಚರಿರಬೇಕಾದ ಸಂಗತಿಯೊಂದಿದೆ. ಮಹಾರಾಷ್ಟ್ರದ ಶಾಲಾಪತ್ರಗಳಲ್ಲಿ ಅಡ್ಡಹೆಸರು ಮೊದಲು ಬಂದು, ಸ್ವಂತ ಹೆಸರು, ತಂದೆಯ ಹೆಸರು ಹಿಂದೆ ಬರುತ್ತವೆ. ಅದೇ ವಿದ್ಯಾರ್ಥಿ ಮುಂದೆ ಕರ್ನಾಟಕದ ಕಾಲೇಜಿನಲ್ಲಿ ಓದಿದರೆ ಅಲ್ಲಿ ಹೆಸರಿನ ಕ್ರಮ ಬೇರೆಯಾಗಬಹುದು. ಪಾಸ್‌ಪೋರ್ಟಿನಲ್ಲಿ ಮೂರನೆಯ ಬಗೆ. ಓದುವ ಅಧಿಕಾರಿಗೆ ಮೂವರು ಮನುಷ್ಯರಂತೆ ಕಂಡರೆ ಆಶ್ಚರ್ಯವಿಲ್ಲ. ಆದುದರಿಂದ ಪಾಲಕರು ಮಕ್ಕಳ ಹೆಸರನ್ನು ಎಲ್ಲ ದಾಖಲೆಗಳಲ್ಲಿಯೂ ಒಂದೇ ರೀತಿ ಬರೆಯಿಸಬೇಕು. ಪರದೇಶಪ್ರವಾಸದ ಸಿದ್ಧತೆ ನಿಜವಾಗಿ ಇಲ್ಲಿಂದಲೇ ಪ್ರಾರಂಭ.

ಇನ್ನು ಬಟ್ಟೆಬರೆ. ನಮ್ಮದು ಬಿಸಿಲ ನಾಡು. ಉಣ್ಣೆಯ ಅರಿವೆ ನಮಗೆ ಅಪರೂಪ. ಆದರೆ ಭೂತಾನದ ಶಾಲಾವರ್ಷವು ಚಳಿಗಾಲದ ರಜೆ ಮುಗಿದ ಮೇಲೆ, ಫೆಬ್ರುವರಿಯಲ್ಲಿ ಆರಂಭವಾಗುವದು. ಹೊಸ ಶಿಕ್ಷಕರು ಗುಡ್ಡಗಾಡಿನ ಕೊರೆಯುವ ಚಳಿಯಲ್ಲಿಯೇ ಬಿಡಾರ ಹೂಡಬೇಕಾಗುತ್ತದೆ. ಅಲ್ಲಿಗೆ ಸ್ವೆಟರ್, ದಪ್ಪ ಕಾಲುಚೀಲ, ಗಟ್ಟಿಮುಟ್ಟಾದ ಬೂಟುಗಳು ಅಗತ್ಯ. ಕಡಲ ನಡುವಿನ ಮಾಲ್ಡೀವ್ಸ್ ದ್ವೀಪಗಳಿಗೆ ತೆಳುವಾದ ಹತ್ತಿಯ ಬಟ್ಟೆಯೇ ಸಾಕು. ಅರಬ ದೇಶಗಳಲ್ಲಿ ಹೊರಗೆ ಉರಿಬಿಸಿಲಿದ್ದರೂ ಒಳಗೆ ಯಂತ್ರದ ತಂಪು ಇರುವದರಿಂದ ನಮ್ಮ ಸೊಲ್ಲಾಪುರದ ಚಾದರವೊಂದು ಚೆನ್ನಾಗಿ ಉಪಯೋಗಕ್ಕೆ ಬರುವದು. ಪಾಠಕ್ಕೆ ಹೋಗುವಾಗ ಆ ನಾಡಿನ ಮರ್ಯಾದೆಗೆ ಒಪ್ಪುವ, ಮೈಮುಚ್ಚುವ ಉಡುಪಿರಬೇಕು.

ಊಟದ ವಿಷಯದಲ್ಲಿ ನಮ್ಮ ಹಿರಿಯರ ಜಾಣ್ಮೆ ದೊಡ್ಡದು. ಕಡಕ ರೊಟ್ಟಿ, ಶೇಂಗಾ ಚಟ್ನಿ ಇವು ಬಹುದಿನ ಕೆಡದೆ ಉಳಿಯುತ್ತವೆ. ಒಲೆ ಹೊತ್ತಿಸುವ ಅನುಕೂಲವಾಗುವ ವರೆಗೆ ಹೊಟ್ಟೆಯನ್ನು ಕಾಯುತ್ತವೆ. ಜೋಳದ ಹಿಟ್ಟನ್ನು ಮಾತ್ರ ಹೆಚ್ಚು ಒಯ್ಯಬಾರದು. ಹಳತಾದ ಹಿಟ್ಟಿಗೆ ಜಿಗಿ ಹೋಗಿ ರೊಟ್ಟಿ ತಟ್ಟಲು ಬರುವದಿಲ್ಲ. ಒಂದು ಸಣ್ಣ ಕುಕ್ಕರ್, ಒಂದು ಹಂಚು, ಎರಡು ತಾಟು ಇದ್ದರೆ ಆರಂಭಕ್ಕೆ ಸಾಕು.

ಆದರೆ ನಮ್ಮ ಅಡಿಗೆಮನೆಯ ಸಾಧು ಪದಾರ್ಥವು ಇನ್ನೊಂದು ದೇಶದಲ್ಲಿ ಅಪರಾಧವಾಗಬಹುದು. ನಾವು ಅಡಿಗೆಗೆ ಬಳಸುವ ಗಸಗಸೆಯು ಅಫೀಮಿನ ಗಿಡದ ಬೀಜವಾದ್ದರಿಂದ ಅರಬ ಎಮಿರೇಟ್ಸ್, ಸೌದಿ ಅರೇಬಿಯ ಮೊದಲಾದ ದೇಶಗಳಲ್ಲಿ ನಿಷಿದ್ಧವಾಗಿದೆ. ಒಂದು ಹಿಡಿ ಗಸಗಸೆಯೂ ಸೆರೆಮನೆಗೆ ಕಾರಣವಾದೀತು. ಆದುದರಿಂದ ಪ್ರೀತಿಯಿಂದ ಬುತ್ತಿ ಕಟ್ಟುವ ತಾಯಂದಿರು ಅದನ್ನು ಉಂಡಿಯಲ್ಲಿಯೂ ಮಸಾಲೆಯಲ್ಲಿಯೂ ಬೆರೆಸಬಾರದು. ಮಾಲ್ಡೀವ್ಸಿಗೆ ಮದ್ಯ, ಹಂದಿಮಾಂಸ, ಪೂಜೆಯ ವಿಗ್ರಹಗಳನ್ನು ಒಯ್ಯುವಂತಿಲ್ಲ. ಒಣಕೊಬ್ಬರಿಯು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನದವರು ತಡೆಯುವರು. ಮೊಬೈಲಿಗೆ ಶಕ್ತಿ ತುಂಬುವ ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇಡಕೂಡದು. ಔಷಧಗಳನ್ನು ಮೂಲ ಡಬ್ಬಿಯಲ್ಲಿ, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಕೊಡೀನ್, ಟ್ರಾಮಡಾಲ್‌ಗಳಂಥ ನೋವಿನ ಔಷಧಗಳಿಗೆ ಅರಬ ದೇಶಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕೆಲಸದೊಡನೆ ಬಂದ ಮನೆ ಕೆಲಸದೊಡನೆಯೇ ಹೋಗುತ್ತದೆ. ಸ್ವಂತ ಬಾಡಿಗೆಮನೆಯಲ್ಲಿದ್ದವನು ನೌಕರಿ ಹೋದರೂ ನಾಲ್ಕು ದಿನ ನೆರಳಿನಲ್ಲಿ ಕೂಡಬಹುದು. ಸಂಸ್ಥೆಯ ಬಿಡಾರದಲ್ಲಿದ್ದವರಿಗೆ ಸಂಬಳವೂ ಸೂರೂ ಒಂದೇ ದಿನ ತಪ್ಪಬಹುದು. ಆದುದರಿಂದ ಅಲ್ಲಿ ಭಾರವಾದ ಸಾಮಾನು ಕೂಡಿಹಾಕಬಾರದು. ಮರಳಿ ಬರುವ ಪ್ರವಾಸದ ವೆಚ್ಚ ಮತ್ತು ಎರಡು ತಿಂಗಳ ಊಟದ ಹಣವನ್ನು ಮುಟ್ಟದೆ ಬೇರೆಯಾಗಿ ಇಡಬೇಕು. ಪಾಸ್‌ಪೋರ್ಟು ಭಾರತ ಸರ್ಕಾರದ ಸ್ವತ್ತು. ಅದನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಹಕ್ಕು ಯಾವ ಯಜಮಾನನಿಗೂ ಇಲ್ಲ. ಆ ದೇಶದಲ್ಲಿಯ ಭಾರತೀಯ ದೂತಾವಾಸದ ವಿಳಾಸವನ್ನು ಹೊರಡುವ ಮೊದಲೇ ಬರೆದುಕೊಂಡಿರಬೇಕು. ಮಧ್ಯಸ್ಥನ ಮೂಲಕ ಹೋಗುವದಾದರೆ ಆತನು 1983ರ ಉತ್ಪ್ರವಾಸ ಕಾಯದೆಯ ಮೇರೆಗೆ ಸರ್ಕಾರದಲ್ಲಿ ನೋಂದಾಯಿಸಿಕೊಂಡವನೇ ಎಂದು ಪರೀಕ್ಷಿಸಿ ನೋಡಬೇಕು. ಇದನ್ನು ನೋಡದೆ ಹೊಲ ಮಾರಿ ಹಣ ಕೊಡುವದು ಹಗಲಿನಲ್ಲಿ ಬಾವಿಗೆ ಬಿದ್ದಂತೆ.

ವಿದ್ಯಾರ್ಥಿಗಳೇ, ತೂಕವಿಲ್ಲದ ಸಾಮಾನೊಂದು ನಿಮ್ಮಲ್ಲಿ ಈಗಾಗಲೇ ಇದೆ. ಮನೆಯಲ್ಲಿ ಕನ್ನಡ, ಪೇಟೆ-ಕಚೇರಿಗಳಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ-ಇಂಗ್ಲಿಷುಗಳೊಡನೆ ಬೆಳೆಯುವ ನೀವು ಪರರ ನುಡಿಯ ನಡುವೆ ತಮ್ಮ ನುಡಿಯನ್ನು ಉಳಿಸಿಕೊಂಡು ಬಾಳುವ ಪಾಠವನ್ನು ಎಳೆತನದಲ್ಲಿಯೇ ಕಲಿತಿದ್ದೀರಿ. ದೂರ ದೇಶದಲ್ಲಿ ಶಿಕ್ಷಕರಿಗೆ ನಿತ್ಯ ಬೇಕಾಗುವದು ಇದೇ ಪಾಠ. ಪೆಟ್ಟಿಗೆಯ ಮೂಲೆಯಲ್ಲಿ ಎರಡು ಕನ್ನಡ ಪುಸ್ತಕಗಳಿಗೆ ಸ್ಥಳವಿರಲಿ. ಮಕ್ಕಳು ಜೊತೆಗಿದ್ದರೆ ಒಂದು ಅಂಕಲಿಪಿಯೂ ಇರಲಿ. ಅದು ಆ ದೇಶದ ಅಂಗಡಿಯಲ್ಲಿ ದೊರೆಯುವಂಥದಲ್ಲ.