ಜೀನ್ ಸಿಕ್ಕಿತಂತೆ, ಹಾಗಂತ ಹೆದರಬೇಕೆ?

‘ಎಂಎಸ್ ಕಾಯಿಲೆಗೆ ಕಾರಣವಾದ ಹೊಸ ಜೀನ್ ಪತ್ತೆ!’ ಇಂಥ ಸುದ್ದಿ ಓದಿದ ಕೂಡಲೇ ಈ ಕಾಯಿಲೆ ಇರುವ ಹೆಣ್ಣುಮಕ್ಕಳ ಎದೆ ಧಸಕ್ಕೆನ್ನುತ್ತದೆ. ‘ನನ್ನ ಮಗಳಿಗೂ ಬಂದುಬಿಟ್ರೆ?’ ಎಂಬ ಭಯ ಒಂದು ಕಡೆ. ‘ಇನ್ನೇನು, ಔಷಧಿ ಬಂದೇಬಿಡುತ್ತೆ’ ಎಂಬ ಆಸೆ ಇನ್ನೊಂದು ಕಡೆ. ಎರಡನ್ನೂ ಸ್ವಲ್ಪ ಬದಿಗಿಟ್ಟು ವಿಷಯ ತಿಳಿಯೋಣ ಬನ್ನಿ.

ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರಗಳಿಗೂ ಮೈಲಿನ್ ಎಂಬ ಹೊದಿಕೆ ಇದೆ. ನಮ್ಮನ್ನು ಕಾಯಬೇಕಾದ ರೋಗ ನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯಲ್ಲಿರುವ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ವಿಪರೀತ ಸುಸ್ತು ಇದರ ಲಕ್ಷಣಗಳು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

2019ರಲ್ಲಿ ವಿಜ್ಞಾನಿಗಳು 47 ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಈ ಕಾಯಿಲೆಗೆ ನಂಟಿರುವ 233 ವ್ಯತ್ಯಾಸಗಳನ್ನು ಗುರುತಿಸಿದರು. ಅಬ್ಬಾ ಅನಿಸಿತೆ? ಆದರೆ ಇವುಗಳಲ್ಲಿ ಹೆಚ್ಚಿನವು ಒಂದೊಂದೂ ಅಪಾಯವನ್ನು ಚೂರೇ ಚೂರು ಏರಿಸುತ್ತವೆ, ಸಾರಿಗೆ ಒಂದು ಕಾಳು ಮೆಣಸು ಜಾಸ್ತಿ ಬಿದ್ದಷ್ಟು! ಆರೋಗ್ಯವಾಗಿರುವವರಲ್ಲೂ ಇವು ಇರುತ್ತವೆ.

ಒಂದೇ ರೂಪದ ಅವಳಿಗಳ ಜೀನ್‌ಗಳೂ ಒಂದೇ. ಆದರೂ ಒಬ್ಬರಿಗೆ ಎಂಎಸ್ ಇದ್ದಾಗ ಇನ್ನೊಬ್ಬರಿಗೂ ಬರುವ ಸಂಭವ ನೂರಕ್ಕೆ ಸುಮಾರು 25ರಿಂದ 30 ಅಷ್ಟೆ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಮಗುವಿಗೆ ಬರುವುದು ನೂರಕ್ಕೆ ಎರಡು ಮೂರು. ಇದೂ ಕಾಯಿಲೆ ಹೆಚ್ಚಿರುವ ಪಾಶ್ಚಾತ್ಯ ದೇಶಗಳ ಲೆಕ್ಕ. ಹಾಗಾಗಿ ‘ನಿಮ್ಮ ಮನೆತನದಿಂದ ಬಂದದ್ದು’ ಅಂತ ಸೊಸೆಯನ್ನು ಚುಚ್ಚುವುದಕ್ಕೆ ಯಾವ ಆಧಾರವೂ ಇಲ್ಲ.

ಮತ್ತೆ ಕಾರಣವೇನು? ಅಮೆರಿಕದ ಸೈನಿಕರನ್ನು ಕುರಿತ 2022ರ ಅಧ್ಯಯನ ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನತ್ತ ಬೆರಳು ತೋರಿಸಿತು. ಆದರೆ ಈ ವೈರಸ್ ಬಹುತೇಕ ಎಲ್ಲರ ಮೈಯಲ್ಲೂ ಇದೆ! ಅಂದರೆ ಜೀನ್, ವೈರಸ್, ಧೂಮಪಾನ, ವಿಟಮಿನ್ ‘ಡಿ’ ಕೊರತೆ ಹೀಗೆ ಹಲವು ಸೇರಿದಾಗ ಕಾಯಿಲೆ ಬರುತ್ತದೆ.

ಹಾಗಾದರೆ ಜೀನ್ ಸಂಶೋಧನೆ ದಂಡವೆ? ಖಂಡಿತ ಇಲ್ಲ. ರೋಗ ಬೇಗ ಉಲ್ಬಣಿಸುವುದಕ್ಕೆ ನಂಟಿರುವ ಒಂದು ವ್ಯತ್ಯಾಸ 2023ರಲ್ಲಿ ಪತ್ತೆಯಾಯಿತು. ಮುಂದಿನ ಔಷಧಿಗಳಿಗೆ ಇದು ದಾರಿ ತೋರಬಹುದು. ಆದರೆ ಅದಕ್ಕೆ ವರ್ಷಗಳೇ ಬೇಕು.

ಅಲ್ಲಿಯವರೆಗೆ ಹೀಗೆ ಮಾಡಿ:

* ಸುದ್ದಿ ಓದಿ ಮಾತ್ರೆ, ಇಂಜೆಕ್ಷನ್ ನಿಲ್ಲಿಸಬೇಡಿ. ಕಾಯಿಲೆಯನ್ನು ಹತೋಟಿಯಲ್ಲಿಡುವ ಔಷಧಿಗಳು ಈಗಲೇ ಇವೆ.

* ಮಕ್ಕಳಿಗೆ ಜೀನ್ ಪರೀಕ್ಷೆ ಮಾಡಿಸಲು ದುಡ್ಡು ಸುರಿಯಬೇಡಿ. ಎಂಎಸ್ ಬರುತ್ತದೋ ಇಲ್ಲವೋ ಎಂದು ಅದು ಹೇಳಲಾರದು.

* ಎಂಎಸ್ ಇದ್ದವರೂ ತಾಯಿಯಾಗಬಹುದು. ಗರ್ಭ ಧರಿಸುವ ಮುಂಚೆಯೇ ನರರೋಗ ತಜ್ಞರಿಗೆ ತಿಳಿಸಿ, ಕೆಲವು ಔಷಧಿ ಬದಲಿಸಬೇಕಾಗುತ್ತದೆ.

* 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ. ಪ್ರಮಾಣಪತ್ರದ ಬಗ್ಗೆ ವೈದ್ಯರಲ್ಲಿ ವಿಚಾರಿಸಿ.

ನೆನಪಿಡಿ, ಜೀನ್ ಹಣೆಬರಹವಲ್ಲ. ಮುಂದಿನ ಸಲ ಇಂಥ ಸುದ್ದಿ ಕಂಡರೆ ಕತ್ತರಿಸಿಟ್ಟುಕೊಂಡು ನಿಮ್ಮ ಡಾಕ್ಟರನ್ನೇ ಕೇಳಿ: ‘ಇದರಿಂದ ನನ್ನ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತಾ?’